ಸಿಂಗಪುರ ನೋಡಲು ಮೆಟ್ರೋ ಒಳ್ಳೆಯದೋ, ಬಸ್ಸೋ, ಟ್ಯಾಕ್ಸಿಯೋ?

ಮಗನ ಮನೆ, ಮಗಳ ಬಾಣಂತನ ಎಂದು ಚಿಕ್ಕಮಗಳೂರು, ಮೂಡಿಗೆರೆ ಕಡೆಯಿಂದ ಸಿಂಗಪುರಕ್ಕೆ ಹೋಗಿಬರುವವರು ಈಗ ಅಪರೂಪವೇನಲ್ಲ. ಹೊರಡುವ ಮೊದಲು ಅವರು ವಿಚಾರಿಸುವುದು ವೀಸಾ, ಸೆಖೆ, ಉಪ್ಪಿನಕಾಯಿ ಒಯ್ಯಲು ಬಿಡುತ್ತಾರೆಯೇ ಎಂಬುದು. ಅಲ್ಲಿ ಓಡಾಡುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಮಕ್ಕಳಿದ್ದಾರಲ್ಲ ಎಂಬ ಧೈರ್ಯ. ಆ ಮಕ್ಕಳು ಬೆಳಿಗ್ಗೆ ಕಚೇರಿಗೆ ಹೋದರೆ ಮುಖ ಕಾಣುವುದು ಸಂಜೆಯೇ. ಹಗಲೆಲ್ಲ ಹೆತ್ತವರು ಹನ್ನೆರಡನೇ ಮಹಡಿಯ ಕಿಟಕಿಯಿಂದ ಎದುರು ಕಟ್ಟಡದ ಬಟ್ಟೆ ಎಣಿಸುತ್ತಾ ಕೂರಬೇಕು, ಇಲ್ಲವೇ ತಾವೇ ಹೊರಗೆ ಹೊರಡಬೇಕು.

ನಾವು ಹೊರಟೆವು. ನಾನು ಮತ್ತು ಅಮ್ಮ. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಇದೆ, ಆದರೆ ಬಾಯಿ ಚುರುಕು. ತಮ್ಮನ ಮನೆ ಊರಿನ ಪೂರ್ವದ ಟ್ಯಾಂಪಿನೀಸ್‌ನಲ್ಲಿ. ಅಲ್ಲಿಂದ ನಗರದ ನಡುಭಾಗಕ್ಕೆ ಮೆಟ್ರೋ, ಬಸ್, ಟ್ಯಾಕ್ಸಿ ಮೂರರಲ್ಲೂ ಹೋಗಿ ನೋಡಿದೆವು. ನನ್ನ ಮತ ಡಬಲ್ ಡೆಕರ್ ಬಸ್ಸಿಗೆ. ತಮ್ಮ ಇನ್ನೂ ಒಪ್ಪಿಲ್ಲ.

ಅವನದು ಮೆಟ್ರೋ ಪಕ್ಷ. ಅಲ್ಲಿ ಅದನ್ನು ಎಂಆರ್‌ಟಿ ಎನ್ನುತ್ತಾರೆ, 1987ರಿಂದ ಓಡುತ್ತಿದೆ. ಮೆಚ್ಚಬೇಕಾದದ್ದು ಬಹಳಷ್ಟಿದೆ. ಕಾಯುವುದು ನಿಮಿಷಗಳ ಲೆಕ್ಕ, ಒಳಗೆ ತಂಪು, ವಯಸ್ಸಾದವರಿಗೆ ಮೀಸಲು ಆಸನ, ಪ್ರತಿ ನಿಲ್ದಾಣದಲ್ಲೂ ಲಿಫ್ಟ್. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದಾದ್ದರಿಂದ ಎಚ್ಚರಿಕೆಯ ಮಾತುಗಳು ತಮಿಳಿನಲ್ಲೂ ಇರುತ್ತವೆ. ತೋಟದ ಲೈನ್ ಮನೆಗಳ ಆಳುಗಳೊಂದಿಗೆ ಜೀವಮಾನವೆಲ್ಲ ಅರೆಬರೆ ತಮಿಳು ಆಡಿದ ಅಮ್ಮನಿಗೆ ಇದು ದೊಡ್ಡ ಆಸರೆಯಾಯಿತು. ಟ್ಯಾಂಪಿನೀಸ್‌ನಿಂದ ಡೌನ್‌ಟೌನ್ ಮಾರ್ಗದ ರೈಲು ಹತ್ತಿದರೆ ಚೈನಾಟೌನ್, ಮರೀನಾ ಬೇ, ಲಿಟಲ್ ಇಂಡಿಯಾ, ಬೊಟಾನಿಕ್ ಗಾರ್ಡನ್ಸ್ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ, ರೈಲು ಬದಲಿಸುವ ಗೋಜಿಲ್ಲ.

ಹಾಗಿದ್ದರೆ ತಕರಾರು ಏನು? ಆ ಮಾರ್ಗ ಪೂರ್ತಿ ನೆಲದಡಿಯಲ್ಲಿದೆ. ಚಾಲಕನೂ ಇಲ್ಲದ ರೈಲಿನಲ್ಲಿ ಕುಳಿತರೆ ಕಿಟಕಿಯಲ್ಲಿ ಕಾಣುವುದು ನಮ್ಮದೇ ಮುಖ. ಮೊದಲ ದಿನ ಚೈನಾಟೌನ್‌ನಲ್ಲಿ ಇಳಿದು ಮೇಲೆ ಬಂದಾಗ ಅಮ್ಮ, “ಇಷ್ಟು ಹೊತ್ತು ಬಂದೆವಲ್ಲ, ಊರು ಎಲ್ಲಿ?” ಎಂದು ಕೇಳಿದರು. ಎರಡನೆಯದು ನಡಿಗೆ. ಇದೇ ಮಾರ್ಗದ ಬೆನ್‌ಕೂಲೆನ್ ನಿಲ್ದಾಣ ರಸ್ತೆಯಿಂದ 43 ಮೀಟರ್ ಆಳದಲ್ಲಿದೆ. ಎಲ್ಲವೂ ಅಷ್ಟು ಆಳವಲ್ಲ ನಿಜ, ಆದರೆ ಲಿಫ್ಟ್ ಇರುವುದು ಪ್ಲಾಟ್‌ಫಾರ್ಮ್‌ನ ಎಲ್ಲೋ ಒಂದು ಕಡೆ, ನಾವು ಇಳಿಯುವುದು ಇನ್ನೊಂದು ತುದಿಯಲ್ಲಿ. ಎಸ್ಕಲೇಟರ್ ನಮ್ಮ ಕಡೆಯ ಮಾಲ್‌ಗಳದ್ದಕ್ಕಿಂತ ಜೋರಾಗಿ ಓಡುತ್ತದೆ. ಎಡಕ್ಕೆ ನಿಲ್ಲಬೇಕು, ಬಲಬದಿ ಅವಸರದವರಿಗೆ. ಮೆಟ್ಟಿಲು ಇಲ್ಲದಿದ್ದರೂ ಅಮ್ಮನ ಮಂಡಿ ಸಂಜೆಗೆ ಊದಿಕೊಳ್ಳುತ್ತಿತ್ತು.

ಬಸ್ಸಿನಲ್ಲಿ ಮಹಡಿ ಹತ್ತುವ ಮೆಟ್ಟಿಲಿದೆ, ಕಡಿದಾಗಿಯೇ ಇದೆ. ಇದಕ್ಕೆ ನಾವು ಕಂಡುಕೊಂಡ ಉಪಾಯ ಸರಳ: ನಡುವಿನ ನಿಲುಗಡೆಯಲ್ಲಿ ಕೈ ಅಡ್ಡ ಹಿಡಿದು ಹತ್ತುವ ಬದಲು ಬಸ್ ಹೊರಡುವ ಮುಖ್ಯ ನಿಲ್ದಾಣಕ್ಕೇ ಹೋಗಿ, ಅದು ನಿಂತಿರುವಾಗಲೇ ನಿಧಾನವಾಗಿ ಮೇಲೇರಿ ಮುಂದಿನ ಸೀಟು ಹಿಡಿಯುವುದು. ಮಹಡಿಯಲ್ಲಿ ನಿಂತು ಪ್ರಯಾಣಿಸಲು ಬಿಡುವುದಿಲ್ಲವಾದ್ದರಿಂದ ತಲೆಯ ಮೇಲೆ ಯಾರೂ ಬೀಳುವುದಿಲ್ಲ. ಎದುರಿಗೆ ಇಡೀ ಗಾಜು.

ಆ ಗಾಜಿನಲ್ಲಿ ನಾವು ಕಂಡ ಸಿಂಗಪುರ ಪೋಸ್ಟರಿನ ಸಿಂಗಪುರವಲ್ಲ. ರಸ್ತೆಯ ಎರಡೂ ಬದಿಗೆ ಮಳೆಮರಗಳು, ನಮ್ಮ ಕಣ್ಣಿನ ಮಟ್ಟಕ್ಕೇ ಕೊಂಬೆ. ಕೊಂಬೆಯ ಕವಲುಗಳಲ್ಲಿ ಬುಟ್ಟಿ ಇಟ್ಟಂತೆ ಕೂತ ಜರಿಗಿಡಗಳು, ಒಂದೊಂದರ ಎಲೆಯೂ ಕೈಯುದ್ದ. ಕೆಳಗೆ ಫುಟ್‌ಪಾತಿನಲ್ಲಿ ನಡೆಯುವವರಿಗೆ ಅವು ಕಾಣುವುದೇ ಇಲ್ಲ. ಅಮ್ಮ ಕಟ್ಟಡಗಳನ್ನು ಬಿಟ್ಟು ಮರಗಳನ್ನೇ ನೋಡುತ್ತಿದ್ದರು. “ಮರಗಸಿ ಮಾಡಿದವನು ಕೆಲಸ ಗೊತ್ತಿದ್ದವನು. ಬಸ್ಸಿಗೆ ತಾಗುವುದನ್ನು ಮಾತ್ರ ಕಡಿದಿದ್ದಾನೆ, ನೆರಳು ಉಳಿಸಿದ್ದಾನೆ” ಎಂದು ಸರ್ಟಿಫಿಕೇಟ್ ಕೊಟ್ಟರು. ಕಾಫಿ ತೋಟದವರಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಇಲ್ಲ. ವಿಮಾನ ನಿಲ್ದಾಣದಿಂದ ಹೊರಟು ಮರೀನ್ ಪೆರೇಡ್ ದಾಟಿ ಆರ್ಚರ್ಡ್ ರಸ್ತೆಗೆ ಹೋಗುವ 36ನೇ ನಂಬರಿನ ಬಸ್ಸು ಇಂಥ ನೋಟಕ್ಕೆ ನನ್ನ ಮೊದಲ ಆಯ್ಕೆ.

ದರದಲ್ಲಿ ಮೆಟ್ರೋಗೂ ಮಾಮೂಲಿ ಬಸ್ಸಿಗೂ ವ್ಯತ್ಯಾಸವಿಲ್ಲ. ಕಾರ್ಡು ಬಳಸಿದರೆ ದೂರಕ್ಕೆ ತಕ್ಕ ಹಣ, ಬಸ್ಸಿನಿಂದ ರೈಲಿಗೆ ಬೇಗ ಬದಲಿಸಿಕೊಂಡರೆ ಎರಡೂ ಸೇರಿ ಒಂದೇ ಪ್ರಯಾಣದ ಲೆಕ್ಕ. ಇಳಿಯುವಾಗಲೂ ಕಾರ್ಡು ತಾಗಿಸಲೇಬೇಕು, ಮರೆತರೆ ಕೊನೆಯ ನಿಲ್ದಾಣದವರೆಗಿನ ದರ ಹೋಗುತ್ತದೆ. ನಗದು ಕೊಟ್ಟರೆ ದರ ಹೆಚ್ಚು, ಚಿಲ್ಲರೆ ಮರಳಿ ಸಿಗುವುದಿಲ್ಲ. ಹಿರಿಯರ ರಿಯಾಯಿತಿ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. 2023ರಿಂದ ಆಧಾರ್ ಕಾರ್ಡ್ ತೋರಿಸಿ ಬಿಟ್ಟಿಯಾಗಿ ಧರ್ಮಸ್ಥಳ, ಹೊರನಾಡು ಸುತ್ತಿದ ಅಮ್ಮನಿಗೆ ಬಸ್ಸಿನಲ್ಲಿ ದುಡ್ಡು ಕೊಡುವುದೇ ಅವಮಾನವೆನಿಸಿತು. “ಹೆಂಗಸರಿಗೂ ಟಿಕೇಟೇ?” ಎಂದು ಪ್ರತಿ ಸಲವೂ ಕೇಳುತ್ತಿದ್ದರು.

ಲಿಟಲ್ ಇಂಡಿಯಾದ ಮಟ್ಟಿಗೆ ತಮ್ಮನ ‘ಮೆಟ್ರೋ ಬೇಗ’ ವಾದವೂ ಅಲ್ಲಾಡುತ್ತದೆ. ಟ್ಯಾಂಪಿನೀಸ್‌ನಿಂದ ಬರುವ ರೈಲು ಮೊದಲು ಚೈನಾಟೌನ್‌ಗೆ ಇಳಿದು, ಮರೀನಾ ಬೇ ಸುತ್ತಿ, ಆಮೇಲೆ ಮೇಲಕ್ಕೆ ತಿರುಗುತ್ತದೆ. ಸುರಂಗದ ನಡಿಗೆಯನ್ನೂ ಸೇರಿಸಿದರೆ ಬಸ್ಸು ಹೆಚ್ಚು ಹಿಂದೆ ಬೀಳುವುದಿಲ್ಲ. ಬಸ್ಸು ಲಿಟಲ್ ಇಂಡಿಯಾ ತಲುಪುತ್ತಿದ್ದಂತೆ ಹೂವಿನ ಅಂಗಡಿ, ಚಿನ್ನದ ಅಂಗಡಿ ಎಲ್ಲವೂ ಗಾಜಿನಾಚೆ ಸಾಲಾಗಿ ಬಂದವು.

ಇಳಿದದ್ದು ಟೆಕ್ಕಾ ಸೆಂಟರ್ ಹತ್ತಿರ. ಕೆಳಗಿನ ಒಂದು ಬದಿಗೆ ತರಕಾರಿ, ಮೀನು, ಮಾಂಸದ ಮಾರುಕಟ್ಟೆ, ಇನ್ನೊಂದು ಬದಿಗೆ ಸಾಲು ಸಾಲು ಊಟದ ಮಳಿಗೆ. ಈ ಹಾಕರ್ ಸಂಸ್ಕೃತಿಗೆ 2020ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿದೆ. ನಮ್ಮ ಬೇಲೂರು, ಹಳೇಬೀಡು ಪಟ್ಟಿ ಸೇರಿದ್ದು 2023ರಲ್ಲಿ, ಅದು ಬೇರೆ ಪಟ್ಟಿ ಎಂದು ಹೇಳಿದರೂ ಅಮ್ಮ, “ಇಡ್ಲಿ ಅಂಗಡಿಗೆ ಮೊದಲು ಕೊಟ್ಟರೇ?” ಎಂದು ಬೇಸರಪಟ್ಟರು. ಅಲ್ಲಿನ ‘ಕೋಪಿ’ ಕುಡಿದ ಮೇಲೆ ಆ ಬೇಸರ ಇನ್ನಷ್ಟು ಹೆಚ್ಚಿತು. ರೊಬಸ್ಟಾ ಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕಪ್ಪಗೆ ಹುರಿದು, ಉದ್ದನೆಯ ಬಟ್ಟೆಚೀಲದಲ್ಲಿ ಸೋಸಿ, ಸಿಹಿ ಗಟ್ಟಿಹಾಲು ಬೆರೆಸಿದ ಕಾಫಿ ಅದು. ನನಗೆ ಹಿಡಿಸಿತು. ಅಮ್ಮ ಒಂದು ಗುಟುಕು ಕುಡಿದು, “ರೊಬಸ್ಟಾ ಒಳ್ಳೆಯದೇ ಇತ್ತು, ಹುರಿದು ಕೊಂದಿದ್ದಾರೆ” ಎಂದು ಲೋಟ ನನ್ನ ಕಡೆ ತಳ್ಳಿದರು. ಹಾಲು, ಸಕ್ಕರೆ ಬೇಡದವರು ‘ಕೋಪಿ ಓ ಕೋಸೊಂಗ್’ ಎಂದು ಕೇಳಬೇಕು.

ಬಸ್ಸಿನ ಕೆಟ್ಟದ್ದನ್ನೂ ಹೇಳಬೇಕು. ಮಧ್ಯಾಹ್ನ ನಿಲುಗಡೆಯಲ್ಲಿ ಹತ್ತು ನಿಮಿಷ ನಿಂತರೆ ಸೀರೆ ಮೈಗೆ ಅಂಟುತ್ತದೆ, ಚಿಕ್ಕಮಗಳೂರಿನ ಗಾಳಿಗೆ ಒಗ್ಗಿದ ದೇಹಕ್ಕೆ ಅದು ಶಿಕ್ಷೆಯೇ. ಸಂಜೆ ಕಚೇರಿ ಬಿಡುವ ಹೊತ್ತಿಗಂತೂ ಹತ್ತಲೇಬೇಡಿ. ಹಸಿವಾದರೆ ಚೀಲದ ಕೋಡುಬಳೆ ತೆಗೆಯುವಂತಿಲ್ಲ. ಬಸ್ಸಿನಲ್ಲೂ ತಿನ್ನಬಾರದು, ರೈಲಿನಲ್ಲಂತೂ 500 ಡಾಲರ್‌ವರೆಗೆ ದಂಡದ ಫಲಕವೇ ಇದೆ. ನಮ್ಮ ಹಲಸಿನ ಬಂಧುವಿನಂತೆ ಕಾಣುವ ಡುರಿಯನ್ ಹಣ್ಣಿಗೆ ಪ್ರವೇಶವೇ ಇಲ್ಲ.

ಬೊಟಾನಿಕ್ ಗಾರ್ಡನ್ಸ್‌ಗೆ ಮಾತ್ರ ಮೆಟ್ರೋದಲ್ಲೇ ಹೋಗಿ. ನಿಲ್ದಾಣದಿಂದ ಮೇಲೆ ಬಂದರೆ ತೋಟದ ಬಾಗಿಲೇ ಎದುರಿಗಿದೆ. 1859ರ ತೋಟ, ಆರ್ಕಿಡ್ ವಿಭಾಗ ಬಿಟ್ಟರೆ ಪ್ರವೇಶ ಉಚಿತ. ಮರ ಸಾಯದಂತೆ ರಬ್ಬರ್ ಹಾಲು ಇಳಿಸುವ ವಿಧಾನವನ್ನು ರೂಪಿಸಿದ್ದು ಇಲ್ಲೇ ಎಂದು ಗೊತ್ತಾದ ಮೇಲೆ ಅಮ್ಮ ಮಂಡಿ ಮರೆತು ನಡೆದರು.

ತೆರೆದ ಮಹಡಿಯ ಪ್ರವಾಸಿ ಬಸ್ಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದೇ ರಸ್ತೆ, ಹಲವು ಪಟ್ಟು ಹಣ, ತಲೆಯ ಮೇಲೆ ಬಿಸಿಲು.

ಇನ್ನು ಟ್ಯಾಕ್ಸಿ. ಗಾರ್ಡನ್ಸ್ ಬೈ ದ ಬೇಯಲ್ಲಿ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಉಕ್ಕಿನ ದೈತ್ಯಮರಗಳ ಬೆಳಕಿನಾಟ ನಡೆಯುತ್ತದೆ, ನೋಡಲು ಹಣವಿಲ್ಲ. ಎರಡನೆಯದು ಮುಗಿದ ಮೇಲೆ ಜನ ಒಟ್ಟಿಗೇ ಮೆಟ್ರೋ ಕಡೆ ನುಗ್ಗುತ್ತಾರೆ. ಆಗ ಟ್ಯಾಕ್ಸಿಯೇ ಸರಿ, ನಾಲ್ವರು ಹಂಚಿಕೊಂಡರೆ ಕೈ ಸುಡುವುದಿಲ್ಲ. ಜೊತೆಗೆ ಪುಟ್ಟ ಮಗುವಿದ್ದರೆ ಒಂದು ನಿಯಮ ನೆನಪಿರಲಿ. 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಆ್ಯಪ್‌ನಲ್ಲಿ ಬರುವ ಖಾಸಗಿ ಕಾರಿನಲ್ಲಿ ವಿಶೇಷ ಆಸನ ಕಡ್ಡಾಯ, ಮೀಟರ್ ಟ್ಯಾಕ್ಸಿಗೆ ವಿನಾಯಿತಿ. ನಮ್ಮ ಪುಟ್ಟಿಯನ್ನು ನೋಡಿದ ಕೂಡಲೇ ಆ್ಯಪ್ ಕಾರಿನವನೊಬ್ಬ ತಲೆಯಾಡಿಸಿ ಹೊರಟುಹೋದ. ತಪ್ಪು ಅವನದಲ್ಲ, ಕಾನೂನಿನದು.

ಮಳೆ ಬಂದರೆ ಆ್ಯಪ್ ದರ ಏರುತ್ತದೆ, ಮೀಟರ್ ಟ್ಯಾಕ್ಸಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಅರ್ಧ ಪಾಲು ಹೆಚ್ಚುವರಿ. ಬೆಂಗಳೂರಿಗೆ ಬೆಳಗಿನ ವಿಮಾನವಿದ್ದರೆ ಆ ಹೆಚ್ಚುವರಿಗೆ ಸಿದ್ಧರಿರಿ, ಅಷ್ಟು ಹೊತ್ತಿಗೆ ಮೆಟ್ರೋ ಇರುವುದಿಲ್ಲ. ಮಧ್ಯಾಹ್ನದ ವಿಮಾನವಾಗಿದ್ದು ಸಾಮಾನು ಕಡಿಮೆ ಇದ್ದರೆ ಬಸ್ಸಿನಲ್ಲೇ ಹೋಗಬಹುದು ಎಂದು ನಾನು ಹೇಳಿದ್ದೆ. ತಮ್ಮ ಕೇಳಲಿಲ್ಲ, ಟ್ಯಾಕ್ಸಿ ಕರೆಸಿದ. ಅಮ್ಮ ಮುಂದಿನ ಸೀಟಿನಲ್ಲಿ ಕುಳಿತು, ಇಷ್ಟು ಕೆಳಗಿನಿಂದ ಏನು ಕಾಣುತ್ತದೆ ಎಂದು ದಾರಿಯುದ್ದಕ್ಕೂ ಗೊಣಗಿದರು.