ಇಯರ್‌ಬಡ್ಸ್ ಸರಿ ಮಾಡಿಸಲು ಹೋಗಿ ₹44,499 ಕಳೆದುಕೊಂಡೆ: ಕಸ್ಟಮರ್ ಕೇರ್ ನಂಬರ್ ಇಂಟರ್ನೆಟ್‌ನಲ್ಲಿ ಹುಡುಕಬೇಡಿ

ನನ್ನ ಇಯರ್‌ಬಡ್ಸ್ ಬೆಲೆ ₹1,799. ಅದು ಫೋನಿಗೆ ಕನೆಕ್ಟ್ ಆಗಲಿಲ್ಲ ಅಂತ ಹೊರಟು ಕಳೆದುಕೊಂಡದ್ದು ₹44,499. ಬಡ್ಸ್‌ಗೆ ಏನೂ ಆಗಿರಲೇ ಇಲ್ಲ. ಅದು ಗೊತ್ತಾದದ್ದು ದುಡ್ಡು ಹೋದ ಎರಡು ದಿನದ ಮೇಲೆ.

ಇದನ್ನು ಯಾರಿಗೂ ಹೇಳಬಾರದು ಅಂದುಕೊಂಡಿದ್ದೆ. ನಾಚಿಕೆ. ಆದರೆ ಕಳೆದ ವಾರ ರೈಲಿನಲ್ಲಿ ಪಕ್ಕದ ಸೀಟಿನವರು ಫೋನಿನಲ್ಲಿ ಮಿಕ್ಸಿ ಕಂಪನಿಯ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಿದ್ದರು. ಮೊದಲು ಬಂದ ನಂಬರ್ ಮೇಲೆ ಬೆರಳು ಇಡುವಷ್ಟರಲ್ಲಿ ನಾನು ಗೊತ್ತಿಲ್ಲದೆಯೇ 'ಬೇಡ ಸರ್!' ಅಂತ ಕೂಗಿಬಿಟ್ಟೆ. ಅವರು ಬೆಚ್ಚಿಬಿದ್ದರು. ಆಮೇಲೆ ಮದ್ದೂರಿನಿಂದ ರಾಮನಗರದವರೆಗೂ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು. ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ. ಕಿವಿಗೆ ಬಡ್ಸ್ ಇಲ್ಲದಿದ್ದರೆ ಯಾರದೋ ಮನೆಯ ಸೈಟು ವ್ಯಾಜ್ಯ, ಯಾರದೋ ಮೊಬೈಲಿನ ರೀಲ್ಸ್, ಎಲ್ಲ ಕೇಳಬೇಕು. ಹಾಗಾಗಿ ಭಾನುವಾರ ಸಂಜೆ ಬಡ್ಸ್ ಕನೆಕ್ಟ್ ಆಗದಿದ್ದಾಗ ನನಗೆ ಸ್ವಲ್ಪ ಜಾಸ್ತಿಯೇ ತಲೆ ಕೆಟ್ಟಿತು. ನಾಳೆ ಬೆಳಿಗ್ಗೆ ರೈಲಿಗೆ ಬೇಕಲ್ಲ!

ಎಲ್ಲರೂ ಮಾಡುವುದನ್ನೇ ಮಾಡಿದೆ. ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿದೆ. ಫೋನ್ ರೀಸ್ಟಾರ್ಟ್ ಮಾಡಿದೆ. ಬಡ್ಸನ್ನು ಕೇಸಿಗೆ ಹಾಕಿ ತೆಗೆದೆ. ಕೊನೆಗೆ ಸೆಟ್ಟಿಂಗ್ಸ್‌ಗೆ ಹೋಗಿ ಅದರ ಹೆಸರಿನ ಮೇಲೆ 'ಫರ್ಗೆಟ್' ಒತ್ತಿದೆ. ಅದು ನಿಜವಾಗಿಯೂ ಮರೆತೇಬಿಟ್ಟಿತು. ಇನ್ನು ಹೊಸದಾಗಿ ಸೇರಿಸೋಣ ಅಂದರೆ ಲಿಸ್ಟಿನಲ್ಲಿ ಪಕ್ಕದ ಮನೆಯ ಟಿವಿ ಬರುತ್ತದೆ, ಯಾರದೋ ವಾಚ್ ಬರುತ್ತದೆ, ನನ್ನ ಬಡ್ಸ್ ಮಾತ್ರ ಇಲ್ಲ.

ಈ ಮಧ್ಯೆ ಒಳಗಿನಿಂದ ಅಮ್ಮ ಎರಡು ಸಲ ಕೂಗಿದರು. 'ನೋಡೋ, ಫೋನಲ್ಲಿ ಹಾಡು ನಿಂತೋಯ್ತು.' ನನ್ನ ತಲೆಬಿಸಿ ನನಗೆ. 'ಆಮೇಲೆ ನೋಡ್ತೀನಿ ಇರಮ್ಮ' ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ವಾರಂಟಿ ಇನ್ನೂ ಇತ್ತು. ಕಂಪನಿಗೇ ಕೇಳೋಣ ಅಂತ ಬಡ್ಸ್ ಬ್ರ್ಯಾಂಡಿನ ಹೆಸರು ಹಾಕಿ, ಪಕ್ಕದಲ್ಲಿ 'ಕಸ್ಟಮರ್ ಕೇರ್ ನಂಬರ್' ಅಂತ ಟೈಪ್ ಮಾಡಿ ಹುಡುಕಿದೆ. ಮೇಲುಗಡೆಯೇ ಒಂದು ಪುಟ ಬಂತು. ಕಂಪನಿಯ ಲೋಗೋ ಇದೆ, 24 ಗಂಟೆ ಸೇವೆ ಅಂತ ಇದೆ, ನಂಬರ್ ದಪ್ಪ ಅಕ್ಷರದಲ್ಲಿದೆ. ಅದು ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರ್. ಇಷ್ಟು ದೊಡ್ಡ ಕಂಪನಿ ಯಾಕೆ ಮೊಬೈಲ್ ನಂಬರ್ ಇಟ್ಟುಕೊಂಡಿದೆ ಅಂತ ಅವತ್ತು ನನಗೆ ಹೊಳೆಯಲೇ ಇಲ್ಲ.

ಫೋನ್ ಮಾಡಿದೆ. ಒಂದು ರಿಂಗ್ ಆಗಿ ಕಟ್ ಆಯಿತು. ಎರಡು ನಿಮಿಷದಲ್ಲಿ ಬೇರೆ ನಂಬರಿನಿಂದ ಅವರೇ ವಾಪಸ್ ಮಾಡಿದರು. ಮೊದಲು ಹಿಂದಿ. ನಾನು ತಡವರಿಸಿದ್ದು ನೋಡಿ 'ಒಂದ್ನಿಮಿಷ ಸರ್' ಅಂತ ಕನ್ನಡದವನಿಗೆ ಲೈನ್ ಕೊಟ್ಟರು. ಒಳ್ಳೆ ಕನ್ನಡ. ಹಿಂದೆ ಇನ್ನೂ ನಾಲ್ಕೈದು ಜನ ಮಾತಾಡುವ ಸದ್ದು. ಥೇಟ್ ಕಾಲ್ ಸೆಂಟರ್.

'ಬಡ್ಸ್ ಮೇಲೆ ಲೈಟ್ ಬ್ಲಿಂಕ್ ಆಗ್ತಿದೆಯಾ ಸರ್?' ಅಂತ ಕೇಳಿದ. ಹೌದು ಅಂದೆ. 'ಹಾಗಾದ್ರೆ ಫರ್ಮ್‌ವೇರ್, ಅಂದ್ರೆ ಬಡ್ಸ್ ಒಳಗಿನ ಸಾಫ್ಟ್‌ವೇರ್, ಕರಪ್ಟ್ ಆಗಿದೆ. ಹೆದರಬೇಡಿ, ಇಲ್ಲಿಂದಲೇ ಅಪ್‌ಡೇಟ್ ಮಾಡ್ತೀವಿ' ಅಂದ. ನನಗೆ ಸಮಾಧಾನವಾಯಿತು. ಲೈಟ್ ಬ್ಲಿಂಕ್ ಆಗದ ಬಡ್ಸ್ ಯಾವುದಿದೆ ಹೇಳಿ? ಜ್ಯೋತಿಷಿ 'ನಿಮ್ಮ ಮನಸ್ಸಿನಲ್ಲಿ ಒಂದು ಚಿಂತೆ ಇದೆ' ಅಂದ ಹಾಗೆ.

ಆಮೇಲೆ ಒಂದು ಆಪ್ ಹಾಕಿಕೊಳ್ಳಿ ಅಂದ. ಆಪ್ ಸ್ಟೋರಿನಲ್ಲೇ ಇರುವ ಆಪ್ ಅದು. ಆಫೀಸುಗಳಲ್ಲಿ ಕಂಪ್ಯೂಟರ್ ರಿಪೇರಿಗೆ ದಿನಾ ಬಳಸುತ್ತಾರೆ. ಸ್ಟೋರಿನಲ್ಲಿದೆ ಅಂದಮೇಲೆ ಕಳ್ಳ ಆಪ್ ಅಲ್ಲ ಅಂತ ನಾನೂ ಧೈರ್ಯವಾಗಿ ಹಾಕಿದೆ. ಆಪ್ ಕಳ್ಳ ಅಲ್ಲ, ಸರಿ. ಬಳಸುವವನು ಕಳ್ಳ. ಅದರಲ್ಲಿ ಬಂದ ಒಂಬತ್ತು ಅಂಕಿ ಓದಿ ಹೇಳಿದೆ. ಪರದೆ ಮೇಲೆ ಏನೋ ಕೇಳಿತು, 'ಅಲೋ' ಅಂತ ಒತ್ತಿದೆ. ಅಲ್ಲಿಂದ ಮುಂದೆ ನನ್ನ ಫೋನಿನಲ್ಲಿ ಕಾಣುವುದೆಲ್ಲ ಅವನಿಗೂ ಕಾಣುತ್ತಿತ್ತು.

ಅಪ್‌ಡೇಟ್‌ಗೆ ₹5 ರಿಜಿಸ್ಟ್ರೇಷನ್ ಕಟ್ಟಬೇಕು, ಅದೂ ರಿಫಂಡ್ ಆಗುತ್ತದೆ ಅಂತ ಒಂದು ಲಿಂಕ್ ಕಳಿಸಿದ. ಹೆಸರು, ಮಾಡೆಲ್, ಕೊಂಡ ದಿನಾಂಕ, ಕೆಳಗೆ ಡೆಬಿಟ್ ಕಾರ್ಡ್ ವಿವರ. ಐದು ರೂಪಾಯಿ ತಾನೇ ಅಂತ ಎಲ್ಲ ತುಂಬಿದೆ, ಕಾರ್ಡಿನ ಹಿಂದಿನ ಮೂರು ಅಂಕಿಯನ್ನೂ ಸೇರಿಸಿ. ಟಣ್ ಅಂತ ಮೆಸೇಜ್ ಬಂತು. ಒಟಿಪಿ ಮೇಲಿನಿಂದ ಇಳಿದು ಬಂದು ನಾಲ್ಕು ಸೆಕೆಂಡ್ ನಿಂತು ಹೋಯಿತು.

ಆಗ ಅವನು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. 'ಸರ್, ಒಟಿಪಿ ಬಂದಿರುತ್ತೆ. ಅದನ್ನ ಯಾರಿಗೂ ಹೇಳಬೇಡಿ. ನನಗೂ ಹೇಳಬೇಡಿ.'

ಎಷ್ಟು ಸಂಭಾವಿತ ಹುಡುಗ ಅಂದುಕೊಂಡೆ. ಒಟಿಪಿ ಯಾರಿಗೂ ಹೇಳಬಾರದು ಅನ್ನುವುದು ಟಿವಿಯಲ್ಲಿ, ಬ್ಯಾಂಕಿನ ಗೋಡೆಯಲ್ಲಿ, ಕಾಲರ್ ಟ್ಯೂನಿನಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ನಾನು ಹೇಳಲಿಲ್ಲ. ಅವನು ನೋಡಿಕೊಂಡ. 'ಮೊದಲನೇದು ಫೇಲ್ ಆಯ್ತು ಸರ್, ಇನ್ನೊಂದು ಬರುತ್ತೆ' ಅಂದ. ಇನ್ನೊಂದೂ ಬಂತು. ಆ ಮೆಸೇಜನ್ನು ಒಂದು ಸಲ ಪೂರ್ತಿ ಓದಿದ್ದರೆ ಎಷ್ಟು ಹಣಕ್ಕೆ ಆ ಒಟಿಪಿ ಅಂತ ಅದರಲ್ಲೇ ಬರೆದಿತ್ತು. ನಾವು ಆರು ಅಂಕಿ ಮಾತ್ರ ನೋಡುತ್ತೇವೆ, ಅಲ್ವಾ?

ಮೊದಲು ₹19,999 ಹೋಯಿತು. ಅದರ ಹಿಂದೆಯೇ ₹24,500. ಬ್ಯಾಂಕಿನ ಮೆಸೇಜ್ ಓದುತ್ತಿದ್ದಾಗಲೂ ಅವನು ಲೈನಿನಲ್ಲೇ ಇದ್ದ. 'ಅದು ಸರ್ವರ್ ಎರರ್ ಸರ್, ವಾಪಸ್ ಬರುತ್ತೆ, ಫೋನ್ ಇಡಬೇಡಿ' ಅನ್ನುತ್ತಿದ್ದ.

ಇಷ್ಟು ದಡ್ಡತನದ ನಡುವೆ ಆಮೇಲೆ ಒಂದೆರಡು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಫೋನ್ ಕಟ್ ಮಾಡಿ ಫ್ಲೈಟ್ ಮೋಡ್‌ಗೆ ಹಾಕಿದೆ. ಅವನಿಗೆ ಪರದೆ ಕಾಣುವುದು ಅಲ್ಲಿಗೆ ನಿಂತಿತು. ಹೆಂಡತಿಯ ಫೋನಿನಿಂದ, ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ. ನೋಡಿ, ಅಷ್ಟು ಗಾಬರಿಯಲ್ಲೂ ಬ್ಯಾಂಕಿನ ನಂಬರ್ ಹುಡುಕಲು ಮತ್ತೆ ಇಂಟರ್ನೆಟ್‌ಗೇ ಕೈ ಹೋಗಿತ್ತು. ಹೆಂಡತಿ ಕಿತ್ತುಕೊಂಡು 'ಕಾರ್ಡ್ ತಿರುಗಿಸಿ ನೋಡಿ' ಅಂದಳು.

ಆಮೇಲೆ 1930. ಇದು ಸೈಬರ್ ವಂಚನೆಗೆ ದೇಶಕ್ಕೆಲ್ಲ ಇರುವ ಸಹಾಯವಾಣಿ. ಸ್ವಲ್ಪ ಹೊತ್ತು ಕಾಯಬೇಕಾಯಿತು, ಆದರೆ ಸಿಕ್ಕರು. ಯಾವ ಬ್ಯಾಂಕು, ಎಷ್ಟು ಹೊತ್ತಿಗೆ, ಎಷ್ಟು ಹಣ, ಮೆಸೇಜಿನಲ್ಲಿರುವ ವ್ಯವಹಾರದ ನಂಬರ್ ಏನು, ಎಲ್ಲ ಕೇಳಿ ಬರೆದುಕೊಂಡರು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲೂ ದೂರು ಪೂರ್ತಿ ಮಾಡಿದೆ. ಮರುದಿನ ರಜೆ ಹಾಕಿ ಅದರ ಪ್ರಿಂಟ್ ಹಿಡಿದು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋದೆ. ಅಲ್ಲಿ ಬೆಂಚಿನ ಮೇಲೆ ನನಗಿಂತ ಮುಂದೆ ಮೂವರು ಕೂತಿದ್ದರು. ಒಬ್ಬರು ಫ್ರಿಜ್ಜಿನ ಕಸ್ಟಮರ್ ಕೇರ್ ಅಂತ ಮೋಸ ಹೋದವರು. ಇನ್ನೊಬ್ಬರು ಕೊರಿಯರ್. ನಾನು ಇಯರ್‌ಬಡ್ಸ್ ಅಂದಾಗ ಆ ಫ್ರಿಜ್ಜಿನವರು ನಕ್ಕರು. ನನಗೂ ನಗು ಬಂತು.

ಬೇಗ ದೂರು ಕೊಟ್ಟಿದ್ದಕ್ಕೆ ₹24,500 ದಾರಿಯಲ್ಲೇ ಒಂದು ಖಾತೆಯಲ್ಲಿ ತಡೆದಿದ್ದಾರಂತೆ. ತಡೆದಿದ್ದಾರೆ ಅಷ್ಟೇ, ಕೈಗೆ ಬಂದಿಲ್ಲ. ₹19,999 ಆಗಲೇ ಕೈದಾಟಿತ್ತು. ಬ್ಯಾಂಕಿನವರನ್ನು ಕೇಳಿದೆ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮ ತೋರಿಸಿದರು. ಗ್ರಾಹಕನೇ ಗುಟ್ಟಿನ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಅಂತ ಅದರಲ್ಲಿತ್ತು. ಕಾರ್ಡ್ ವಿವರ ತುಂಬಿದವನು ನಾನೇ. ವಾದ ಮಾಡಲು ಏನೂ ಉಳಿದಿರಲಿಲ್ಲ.

ಇನ್ನು ಬಡ್ಸ್ ಕಥೆ. ಸೋಮವಾರ ಇಡೀ ದಿನ ಅದನ್ನು ಮುಟ್ಟಲಿಲ್ಲ. ನೋಡಿದರೆ ಸಿಟ್ಟು ಬರುತ್ತಿತ್ತು. ಮಂಗಳವಾರ ಸಂಜೆ ಆಫೀಸಿಂದ ಬಂದು ಸುಮ್ನೆ ಅಭ್ಯಾಸಬಲದಿಂದ ಒಂದನ್ನು ತೆಗೆದು ಕಿವಿಗೆ ಇಟ್ಟುಕೊಂಡೆ. ಕಿವಿಯಲ್ಲಿ ಜೋರಾಗಿ ತಾಳ, ತಂಬೂರಿ, ಭಜನೆ!

ಒಳಗಿನಿಂದ ಅಮ್ಮ, 'ಮತ್ತೆ ನಿಂತೋಯ್ತು ಕಣೋ!'

ಅಮ್ಮನ ಕೈಯಲ್ಲಿರುವುದು ನನ್ನ ಹಳೇ ಫೋನು. ಹೊಸದು ತೆಗೆದುಕೊಂಡಾಗ ಅದನ್ನು ರೀಸೆಟ್ ಮಾಡದೆ ಹಾಗೇ ಅವರಿಗೆ ಕೊಟ್ಟಿದ್ದೆ. ಬಡ್ಸ್ ಒಂದು ಕಾಲದಲ್ಲಿ ಅದಕ್ಕೇ ಪೇರ್ ಆಗಿದ್ದವು. ಇಷ್ಟು ದಿನ ಅದರ ಬ್ಲೂಟೂತ್ ಆಫ್ ಇತ್ತು. ಆ ಭಾನುವಾರ ಅಕ್ಕನ ಮಗ ಬಂದಿದ್ದವನು ಫೋಟೋ ಕಳಿಸಲು ಆನ್ ಮಾಡಿ ಹಾಗೇ ಬಿಟ್ಟುಹೋಗಿದ್ದ. ನಾನು ಕೇಸಿನಿಂದ ತೆಗೆದಾಗಲೆಲ್ಲ ಬಡ್ಸ್ ಓಡಿಹೋಗಿ ಹಳೇ ಗೆಳೆಯನನ್ನು ಸೇರಿಕೊಳ್ಳುತ್ತಿದ್ದವು. ಒಂದಕ್ಕೆ ಕನೆಕ್ಟ್ ಆದ ಬಡ್ಸ್ ಹೊಸ ಫೋನಿನ ಲಿಸ್ಟಿನಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ನಾನೋ, ಮೇಜಿನ ಮೇಲೆ ಇಟ್ಟುಕೊಂಡು ಪರದೆ ನೋಡುತ್ತಿದ್ದೆನೇ ಹೊರತು ಒಂದು ಸಲವೂ ಕಿವಿಗೆ ಇಟ್ಟಿರಲಿಲ್ಲ. ಸೋಮವಾರ ಮನೆಯಿಂದ ಹೊರಗೆ ಒಯ್ದು ಪೇರಿಂಗ್ ಮಾಡಿದ್ದರೂ ಸಾಕಿತ್ತು, ಎರಡು ನಿಮಿಷದಲ್ಲಿ ಕನೆಕ್ಟ್ ಆಗಿರುತ್ತಿತ್ತು.

ಹಾಗಾಗಿ ನಿಮ್ಮ ಬಡ್ಸ್ ಕನೆಕ್ಟ್ ಆಗದಿದ್ದರೆ ಮೊದಲು ಮನೆಯಲ್ಲಿ ಒಂದು ಸುತ್ತು ಬನ್ನಿ. ಹಳೇ ಫೋನು, ಮಕ್ಕಳ ಟ್ಯಾಬ್, ಲ್ಯಾಪ್‌ಟಾಪ್, ಟಿವಿ, ಹಿಂದೆ ಯಾವುದಕ್ಕೆಲ್ಲ ಪೇರ್ ಮಾಡಿದ್ದಿರೋ ಎಲ್ಲದರ ಬ್ಲೂಟೂತ್ ಆಫ್ ಮಾಡಿ. ಆಮೇಲೆ ಫೋನಿನಲ್ಲಿ ಫರ್ಗೆಟ್ ಕೊಟ್ಟು, ಬಡ್ಸನ್ನು ರೀಸೆಟ್ ಮಾಡಿ. ಬಹಳ ಮಾಡೆಲ್‌ಗಳಲ್ಲಿ ಎರಡನ್ನೂ ಕೇಸಿನಲ್ಲಿಟ್ಟು ಬಟನ್ನನ್ನು ಸುಮಾರು ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ನಿಮ್ಮದರಲ್ಲಿ ಹೇಗೆ ಅನ್ನುವುದು ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ. ಒಂದೇ ಕಿವಿ ಕೆಲಸ ಮಾಡುತ್ತಿದ್ದರೆ ಕೇಸಿನೊಳಗಿನ ಪುಟ್ಟ ಚಾರ್ಜಿಂಗ್ ಪಿನ್ ನೋಡಿ. ಬೆವರು, ಕಿವಿ ಗುಗ್ಗೆ ಕೂತು ಒಂದು ಬಡ್ ಚಾರ್ಜೇ ಆಗಿರುವುದಿಲ್ಲ. ಒಣ ಹತ್ತಿಯಿಂದ ಒರೆಸಿದರೆ ಸಾಕು. 'ಕನೆಕ್ಟೆಡ್' ಅಂತ ಇದ್ದೂ ಸದ್ದು ಫೋನಿನಿಂದಲೇ ಬರುತ್ತಿದ್ದರೆ ಬಡ್ಸ್ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ, 'ಮೀಡಿಯಾ ಆಡಿಯೋ' ಆನ್ ಇದೆಯಾ ನೋಡಿ. ಫೋನಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡುವುದು ಕಟ್ಟಕಡೆಗೆ. ಅದರಿಂದ ವೈಫೈ ಪಾಸ್‌ವರ್ಡ್‌ಗಳೂ ಅಳಿಸಿಹೋಗುತ್ತವೆ, ಮನೆಯವರ ಹತ್ತಿರ ಬೈಸಿಕೊಳ್ಳಬೇಕಾಗುತ್ತದೆ.

ಇದೆಲ್ಲ ಮಾಡಿಯೂ ಆಗದಿದ್ದರೆ ಕಂಪನಿಗೆ ಫೋನ್ ಮಾಡಿ, ಆದರೆ ನಂಬರ್ ಡಬ್ಬಿಯಿಂದಲೋ ವಾರಂಟಿ ಕಾರ್ಡಿನಿಂದಲೋ ತೆಗೆದುಕೊಳ್ಳಿ. ನನ್ನ ಡಬ್ಬಿ ಬೀರುವಿನ ಮೇಲೇ ಇತ್ತು. ಅದರ ತಳದಲ್ಲಿ ನಿಜವಾದ ನಂಬರ್ ಇತ್ತು. ಕುರ್ಚಿ ಹತ್ತಿ ತೆಗೆಯಲು ಸೋಮಾರಿತನ ಮಾಡಿದ್ದೆ. ಇಯರ್‌ಬಡ್ಸ್ ಸರಿ ಮಾಡಲು ಯಾರಿಗೂ ನಿಮ್ಮ ಫೋನಿನ ಪರದೆ ನೋಡುವ ಅಗತ್ಯ ಇಲ್ಲ, ಕಾರ್ಡ್ ನಂಬರಂತೂ ಬೇಡವೇ ಬೇಡ. ಮತ್ತೆ, ಸಿಟ್ಟಿನಲ್ಲಿ ಕಂಪನಿಯನ್ನು ಟ್ಯಾಗ್ ಮಾಡಿ ಪಬ್ಲಿಕ್ ಆಗಿ ದೂರು ಬರೆದರೂ ಹುಷಾರು. ಕಂಪನಿಯ ಲೋಗೋ ಹಾಕಿಕೊಂಡ ನಕಲಿ ಖಾತೆಗಳು ಕಾದು ಕೂತಿರುತ್ತವೆ, 'ನಿಮ್ಮ ನಂಬರ್ ಕಳಿಸಿ' ಅನ್ನುತ್ತವೆ.

ದುಡ್ಡು ಕಳೆದುಕೊಂಡವರಿಗೆ ಇನ್ನೊಂದು ಮಾತು. ಹತ್ತು ದಿನದ ಮೇಲೆ ನನಗೆ ಮತ್ತೊಂದು ಫೋನ್ ಬಂತು. 'ಸೈಬರ್ ಸೆಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಹಣ ರಿಲೀಸ್ ಆಗಿದೆ, ಪ್ರೊಸೆಸಿಂಗ್ ಫೀಸ್ ₹1,200 ಕಟ್ಟಿ' ಅಂತ. ಎಷ್ಟು ಹೋಗಿದೆ ಅನ್ನುವುದೂ ಅವರಿಗೆ ಸರಿಯಾಗಿ ಗೊತ್ತಿತ್ತು. ಹೇಗೆ ಗೊತ್ತಾಗಿರಬಹುದು ಅಂತ ನೀವೇ ಊಹಿಸಿ. ಈ ಸಲ ನಾನೇ ಕಟ್ ಮಾಡಿ ಠಾಣೆಗೆ ಫೋನ್ ಮಾಡಿ ಕೇಳಿದೆ. ಯಾರೂ ಮಾಡಿರಲಿಲ್ಲ.

ಅಮ್ಮನ ಫೋನಿನಿಂದ ಬಡ್ಸ್ ಹೆಸರು ತೆಗೆದುಹಾಕಿದ್ದೇನೆ. ಈಗ ಭಜನೆ ನಿಲ್ಲುವುದಿಲ್ಲ. ಆ ಪುಟವನ್ನು ನಿನ್ನೆ ಮತ್ತೆ ಹುಡುಕಿದೆ. ಪುಟ ಅಲ್ಲೇ ಇದೆ, ಲೋಗೋ ಅದೇ. ನಂಬರ್ ಮಾತ್ರ ಬೇರೆ.