ಜಾತ್ರೆಗೆ ಬಣ್ಣ ಹೊಡೆದ ಮನೆ: ಶಿರಸಿಯಲ್ಲಿ ಬಾಡಿಗೆಗೆ ಹುಡುಕುವವರು ದಯವಿಟ್ಟು ಓದಿ

ಮೊನ್ನೆ ಆ ಓಣಿಯಲ್ಲಿ ಹೋಗುವಾಗ ಅದೇ ಗೇಟಿಗೆ ಮತ್ತೆ ‘ಮನೆ ಬಾಡಿಗೆಗಿದೆ’ ಬೋರ್ಡ್ ತೂಗುತ್ತಿತ್ತು. ಗೋಡೆಗೆ ಹೊಸ ಬಣ್ಣ. ಇನ್ಯಾರೋ ನಮ್ಮ ಹಾಗೇ ಹೋಗಿ ಸಿಕ್ಕಿಬೀಳುವ ಮೊದಲು ಬರೆದುಬಿಡೋಣ ಅನ್ನಿಸಿತು. ಓನರ್ ಹೆಸರು, ಮನೆ ನಂಬರ್ ಹಾಕುವುದಿಲ್ಲ.

2024ರ ಮಾರ್ಚ್ ಕೊನೆಗೆ ಮಾರಿಕಾಂಬಾ ಜಾತ್ರೆ ಮುಗಿದಿತ್ತು. ಏಪ್ರಿಲ್‌ನಲ್ಲಿ ನನಗೆ ಶಿರಸಿಗೆ ವರ್ಗವಾಯಿತು. ಜೊತೆಗೆ ಅಮ್ಮ. ಅವಳಿಗೆ ದಮ್ಮಿನ ತೊಂದರೆ. ದೇವಿ ಗುಡಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು ಅನ್ನುವುದೊಂದೇ ಅವಳ ಆಸೆ. 1688ರಲ್ಲಿ ಕಟ್ಟಿದ ಗುಡಿ ಅದು, ಸುತ್ತಲಿನ ಓಣಿಗಳೂ ಹಳೆಯವೇ. ಅಲ್ಲಿ ಹಂಚಿನ ಮನೆಗಳ ಮಾಡು ಇಳಿಸಿ, ಮೇಲೆ ಸ್ಲ್ಯಾಬ್ ಹಾಕಿ, ಎರಡು ಮೂರು ಪೋರ್ಷನ್ ಮಾಡಿ ಬಾಡಿಗೆಗೆ ಕೊಡುತ್ತಾರೆ. ನಮಗೆ ಸಿಕ್ಕಿದ್ದೂ ಅಂಥದ್ದೇ. ಕೆಳಗಡೆ, ಹಿಂದಿನ ಪೋರ್ಷನ್, ಒಂದು ಬೆಡ್‌ರೂಮು. ಬಾಡಿಗೆ 7,500, ಅಡ್ವಾನ್ಸ್ 50,000.

ಒಳಗೆ ಕಾಲಿಟ್ಟರೆ ತಿಳಿ ನೀಲಿ ಗೋಡೆ, ಹೊಸ ಪೇಂಟಿನ ವಾಸನೆ. ಜಾತ್ರೆ ಬಂತೆಂದರೆ ಊರಿಗೆ ಊರೇ ಬಣ್ಣ ಹೊಡೆಸುತ್ತದೆ, ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಬಿಸಿಲಿನ ದಿನ ಬೇರೆ. ಅಮ್ಮ ಒಂದು ಸಲ ಬೆಡ್‌ರೂಮಿನ ಗೋಡೆ ಮುಟ್ಟಿ, “ತಂಪಿದೆ ಅಲ್ವಾ” ಅಂದಳು. ಬೇಸಿಗೆಗೆ ಒಳ್ಳೆಯದೇ ಆಯ್ತು ಅಂದುಕೊಂಡೆವು.

ಜೂನ್ ಎರಡನೇ ವಾರ ಮಂಚದ ಹಿಂದೆ, ನೆಲದಿಂದ ಒಂದು ಗೇಣು ಮೇಲೆ, ಬಣ್ಣ ಬೊಬ್ಬೆ ಬಂದಿತ್ತು. ಬೆರಳಿಂದ ಒತ್ತಿದೆ. ಚರ್ಮ ಸುಲಿದ ಹಾಗೆ ಬಣ್ಣ ಬಂತು, ಹಿಂದಿನಿಂದ ನೀರು ಇಳಿಯಿತು. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಆ ವಾರದ ಮಳೆಯಲ್ಲಿ ನಮ್ಮ ಪಡುವಣ ಗೋಡೆ ಎದೆಮಟ್ಟಕ್ಕೆ ಒದ್ದೆ. ಕಪಾಟು ತೆಗೆದರೆ ಅಮ್ಮನ ರೇಷ್ಮೆ ಸೀರೆಯ ಮಡಿಕೆಯಲ್ಲೆಲ್ಲ ಬೂದು ಬಣ್ಣದ ಬೂಷ್ಟು. ಹಾಸಿಗೆಯಿಂದ ಹಳೆ ಗೋಣಿಚೀಲದ ವಾಸನೆ. ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದು ಕುಳಿತು ಉಸಿರು ಎಳೆದುಕೊಳ್ಳುತ್ತಿದ್ದಳು. ಇನ್‌ಹೇಲರ್ ಹಿಡಿದ ಅವಳ ಕೈ ನಡುಗುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಒಬ್ಬ ಗೌಂಡಿ ಬಂದು ನೋಡಿ ಹೇಳಿದರು. ನಮ್ಮ ಕಡೆಯ ಹಳೆ ಗೋಡೆಯೆಲ್ಲ ಚಿರೆಕಲ್ಲಿನದ್ದು. ಆ ಕಲ್ಲಿಗೆ ಮೈತುಂಬ ತೂತು, ನೆಲದ ನೀರು ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಮೇಲೇರುತ್ತದೆ. ಮೊದಲು ಸುಣ್ಣದ ಗಾರೆ ಇರುತ್ತಿತ್ತು, ಏರಿದ ನೀರು ಹಾಗೇ ಆರಿಹೋಗುತ್ತಿತ್ತು. ಅದರ ಮೇಲೆ ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಇನ್ನೊಂದು, ಹಂಚಿನ ಮಾಡು ಇಳಿಸಿದಾಗ ಉದ್ದನೆಯ ಸೂರೂ ಹೋಯಿತು. ನಮ್ಮ ಮಳೆ ಪಶ್ಚಿಮದಿಂದ ಓರೆಯಾಗಿ ಹೊಡೆಯುವಂಥದ್ದು. ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಮೊದಲೇ ಆ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಸುಮ್ನೆ ಕಟ್ಟುತ್ತಿರಲಿಲ್ಲ ಅಂತ ಈಗ ಅರ್ಥವಾಯಿತು.

ಕರೆಂಟಿನದ್ದು ಬೇರೆ ಕಥೆ. ಇಡೀ ಮನೆಗೆ ಒಂದೇ ಮೀಟರ್, ನಮಗೆ ಓನರ್ ಹಾಕಿಸಿದ ಸಬ್‌ಮೀಟರ್, ಯೂನಿಟ್‌ಗೆ 8 ರೂಪಾಯಿ. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆಯವರಿಗೂ ತಿಂಗಳಿಗೆ ಒಂದು ಮಿತಿಯವರೆಗೆ (ಹೆಚ್ಚೆಂದರೆ 200 ಯೂನಿಟ್) ಕರೆಂಟ್ ಉಚಿತ, ಆದರೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರಿಗೆ, ಅಂದರೆ ಆ ಮೀಟರಿನ ಸಂಪರ್ಕ ಸಂಖ್ಯೆಗೆ, ನಮ್ಮ ಆಧಾರ್ ಜೋಡಿಸಬೇಕು. ನಮ್ಮ ಪೋರ್ಷನ್‌ಗೆ ಬೇರೆ ಆರ್‌ಆರ್ ನಂಬರೇ ಇರಲಿಲ್ಲ. ಮನೆ ನೋಡುವಾಗಲೇ ಮೀಟರ್ ಬೋರ್ಡ್ ಎದುರು ನಿಂತು ಕೇಳಿ, ಹಳೆ ಬಿಲ್ ನೋಡಿ.

ಆಗಸ್ಟ್ ಕೊನೆಗೆ ಮನೆ ಬಿಟ್ಟೆವು. ಅಡ್ವಾನ್ಸ್ ಕೇಳಿದಾಗ ಓನರ್ ಕರಾರು ಪತ್ರ ತೆಗೆದು ತೋರಿಸಿದರು. ಅದರಲ್ಲಿ 30,000 ಮಾತ್ರ ಇತ್ತು. ಉಳಿದ 20,000 “ಕ್ಯಾಶ್ ಕೊಡಿ, ಪತ್ರದಲ್ಲಿ ಆಮೇಲೆ ಸೇರಿಸೋಣ” ಅಂದಿದ್ದರು, ನಾನು ನಂಬಿ ಕೊಟ್ಟಿದ್ದೆ. ರಸೀದಿ ಇಲ್ಲ. ಆ 30,000ದಲ್ಲೂ ಬಣ್ಣಕ್ಕೆಂದು 18,000 ಹಿಡಿದರು. ನಾವು ಒಳಗೆ ಬಟ್ಟೆ ಒಣಗಿಸಿದ್ದರಿಂದಲೇ ಬೂಷ್ಟು ಬಂತಂತೆ! ಮಳೆಗಾಲದಲ್ಲಿ ಶಿರಸಿಯಲ್ಲಿ ಬಟ್ಟೆ ಹೊರಗೆ ಒಣಗಿಸುವವರು ಯಾರಿದ್ದಾರೆ? ‘ಬಣ್ಣ, ರಿಪೇರಿ ಬಾಡಿಗೆದಾರರದ್ದು’ ಅನ್ನುವ ಸಾಲು ಎರಡನೇ ಪುಟದ ಕೆಳಗಿತ್ತು. ಓದದೆ ಸಹಿ ಹಾಕಿದ್ದೆ. ಕೈಗೆ ಬಂದದ್ದು 12,000.

ತಾಲೂಕು ಕಾನೂನು ಸೇವಾ ಸಮಿತಿಗೆ ಹೋದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ಸಹಾಯ ಉಚಿತ, ಇದು ತುಂಬ ಜನರಿಗೆ ಗೊತ್ತಿಲ್ಲ. ಅಲ್ಲಿದ್ದ ವಕೀಲರು ತಾಳ್ಮೆಯಿಂದ ಕೇಳಿದರು. ಕ್ಯಾಶ್ ಕೊಟ್ಟದ್ದಕ್ಕೆ ಒಂದು ಮೆಸೇಜ್ ಆದರೂ ಇದೆಯಾ ಅಂದರು. ಇರಲಿಲ್ಲ. ಮನೆಗೆ ಬರುವ ದಿನ ಗೋಡೆಯ ನಾಲ್ಕು ಫೋಟೋ ತೆಗೆದಿದ್ದರೂ ಆ 18,000ಕ್ಕೆ ಜಗಳ ಆಡಬಹುದಿತ್ತು. ಅದೂ ಇರಲಿಲ್ಲ.

ಬೇಸಿಗೆಯಲ್ಲಿ ಮನೆ ನೋಡುವವರು ಇಷ್ಟಾದರೂ ಮಾಡಿ. ಕಪಾಟಿನ ಒಳಗೆ, ಬಾಗಿಲ ಚೌಕಟ್ಟಿನ ಬುಡದಲ್ಲಿ ನೋಡಿ, ಅಲ್ಲಿಗೆ ಯಾರೂ ಬಣ್ಣ ಹೊಡೆಯುವುದಿಲ್ಲ. ನಮ್ಮ ಚೌಕಟ್ಟಿನ ಬುಡ ಉಗುರು ಊರುವಷ್ಟು ಮೆತ್ತಗಿತ್ತು, ನೋಡಿದ್ದು ಆಗಸ್ಟ್‌ನಲ್ಲಿ. ಪಡುವಣ ಗೋಡೆಯ ಹೊರಗೆ ಹೋಗಿ ಸೂರು ಇದೆಯಾ, ಪಾಚಿ ಕಟ್ಟಿದ ಗುರುತು ಇದೆಯಾ ನೋಡಿ. ಅಕ್ಕಪಕ್ಕದವರನ್ನು ಮಾತಾಡಿಸಿ.

ನಾವು ಸಾಮಾನು ಗಾಡಿಗೆ ತುಂಬುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಅಮ್ಮನಿಗೆ ಕುಡಿಯಲು ಕಷಾಯ ತಂದುಕೊಟ್ಟರು. “ನಿಮ್ಮ ಮುಂಚೆ ಇದ್ದವರೂ ಶ್ರಾವಣದಲ್ಲೇ ಹೋದರು ತಂಗಿ, ಅವರದ್ದು ಸಣ್ಣ ಮಗು. ನೀವು ಮನೆ ನೋಡಲು ಬಂದ ದಿನ ನಾನು ಇಲ್ಲೇ ಜಗಲಿ ಮೇಲೆ ಕೂತಿದ್ದೆ” ಅಂದರು.