ಗ್ದಾನ್ಸ್ಕ್‌ನ ಸಾಲಿಡಾರಿಟಿ ಮ್ಯೂಸಿಯಂ: ಯೂನಿಯನ್ ಮಾಡಿದವರು ತಪ್ಪದೆ ನೋಡಬೇಕು

ಪೋಲೆಂಡಿನ ಗ್ದಾನ್ಸ್ಕ್‌ಗೆ ಹೋಗುವವರಿಗೆ ನನ್ನದೊಂದು ಮಾತು. ಹಳೇ ಪೇಟೆ ಸುತ್ತಿದ ಮೇಲೆ ಅರ್ಧ ದಿನ ಯುರೋಪಿಯನ್ ಸಾಲಿಡಾರಿಟಿ ಸೆಂಟರಿಗೆ ಎತ್ತಿಡಿ. ಸಾಲಿಡಾರಿಟಿ ಎಂದರೆ ಕಮ್ಯುನಿಸ್ಟ್ ಆಡಳಿತದ ಪೋಲೆಂಡಿನಲ್ಲಿ 1980ರ ಮುಷ್ಕರದಿಂದ ಹುಟ್ಟಿದ ಸ್ವತಂತ್ರ ಕಾರ್ಮಿಕ ಯೂನಿಯನ್, ಅದರ ಮುಂದಾಳು ಲೆಖ್ ವಲೆಸಾ. ಹಳೇ ಲೆನಿನ್ ಶಿಪ್‌ಯಾರ್ಡಿನ ಎರಡನೇ ನಂಬರ್ ಗೇಟಿನ ಪಕ್ಕದಲ್ಲಿ 2014ರಲ್ಲಿ ತೆರೆದ ಮ್ಯೂಸಿಯಂ ಇದು. ಹೊರಗೋಡೆಯೆಲ್ಲ ತುಕ್ಕು ಬಣ್ಣದ ಉಕ್ಕು. ಕಟ್ಟುತ್ತಿರುವ ಹಡಗಿನ ಬುಡದಲ್ಲಿ ನಿಂತಂತೆ ಅನಿಸುತ್ತದೆ.

ನಾನು ಐಟಿಐ ಎಲೆಕ್ಟ್ರಿಷಿಯನ್. ಪೀಣ್ಯದ ಕಾರ್ಖಾನೆಯೊಂದರ ಮೇಂಟೆನೆನ್ಸ್‌ನಲ್ಲಿ ದುಡಿದು ನಿವೃತ್ತನಾದೆ, ಯೂನಿಯನ್ ಕಮಿಟಿಯಲ್ಲೂ ಇದ್ದೆ. ಹಾಗಾಗಿ ಲೆಖ್ ವಲೆಸಾ ನನಗೆ ಮೊದಲು ಎಲೆಕ್ಟ್ರಿಷಿಯನ್, ಆಮೇಲೆ ಪೋಲೆಂಡಿನ ಅಧ್ಯಕ್ಷ. 1967ರಲ್ಲಿ ಈ ಶಿಪ್‌ಯಾರ್ಡಿಗೆ ಸೇರಿದರು, 1976ರಲ್ಲಿ ಕೆಲಸದಿಂದ ತೆಗೆದರು. ಮೇಂಟೆನೆನ್ಸ್‌ನವನಿಗೆ ಎಲ್ಲ ಡಿಪಾರ್ಟ್‌ಮೆಂಟಿಗೂ ಹೋಗುವ ದಾರಿ ಇರುತ್ತದೆ. ಯಾರ ಮೆಷಿನ್ ಕೆಟ್ಟಿದೆ, ಯಾರ ಮನೆಯಲ್ಲಿ ಏನು ಕಷ್ಟ, ಎರಡೂ ಗೊತ್ತಿರುತ್ತದೆ. ನಮ್ಮ ಕಡೆಯೂ ಯೂನಿಯನ್ ಮುಂದಾಳುಗಳು ಎಷ್ಟೋ ಜನ ಅಲ್ಲಿಂದಲೇ ಬಂದವರು.

ಮೊದಲ ಹಾಲ್‌ನಲ್ಲಿ ತಲೆ ಎತ್ತಿದರೆ ಚಾವಣಿ ತುಂಬ ಕಾರ್ಮಿಕರ ಹಳದಿ ಹೆಲ್ಮೆಟ್‌ಗಳು. ಅಲ್ಲೇ ಒಂದು ಕ್ರೇನ್ ಕ್ಯಾಬಿನ್. ಆನ್ನಾ ವಾಲೆಂಟಿನೋವಿಚ್ ಕ್ರೇನ್ ಆಪರೇಟರ್, ಅದಕ್ಕೂ ಮುಂಚೆ ವೆಲ್ಡರ್. ನಿವೃತ್ತಿಗೆ ಐದೇ ತಿಂಗಳಿದ್ದಾಗ, 1980ರ ಆಗಸ್ಟ್‌ನಲ್ಲಿ, ಆಕೆಯನ್ನು ಡಿಸ್ಮಿಸ್ ಮಾಡಿದರು. ಆಕೆಯನ್ನು ವಾಪಸ್ ತೆಗೆದುಕೊಳ್ಳಿ ಎಂದೇ 14ರಂದು ಮುಷ್ಕರ ಶುರುವಾಯಿತು.

ಮೂರನೇ ದಿನ ಮ್ಯಾನೇಜ್‌ಮೆಂಟ್ ಸಂಬಳ ಏರಿಸಲು ಒಪ್ಪಿತು, ಮುಷ್ಕರದ ಮುಂದಾಳಾಗಿದ್ದ ವಲೆಸಾ ಮುಷ್ಕರ ಮುಗಿಯಿತು ಎಂದು ಹೇಳಿಯೂ ಬಿಟ್ಟರು. ಆದರೆ ಬೆಂಬಲಕ್ಕೆ ಕೆಲಸ ನಿಲ್ಲಿಸಿದ್ದ ಸಣ್ಣ ಸಣ್ಣ ಸಂಸ್ಥೆಗಳವರ ಗತಿ? ಟ್ರಾಮ್ ಡ್ರೈವರ್ ಹೆನ್ರಿಕಾ ಕ್ಷಿವೊನೊಸ್ ಜೋರಾಗಿ ಪ್ರತಿಭಟಿಸಿದರು. ಆನ್ನಾ ಮತ್ತು ನರ್ಸ್ ಅಲಿನಾ ಪಿಯೆಂಕೋವ್‌ಸ್ಕಾ ಗೇಟಿಗೆ ಓಡಿ ಮನೆಗೆ ಹೊರಟವರನ್ನು ತಡೆದರು. ವಲೆಸಾ ಮಾತು ಬದಲಿಸಿ ಮುಷ್ಕರ ಮುಂದುವರಿಸಿದರು. ಸೆಟಲ್‌ಮೆಂಟ್ ಆದ ತಕ್ಷಣ ಚಪ್ಪಾಳೆ ತಟ್ಟಿ ಮನೆಗೆ ಹೋಗುವುದನ್ನು ಬೇಕಾದಷ್ಟು ಕಂಡವನು ನಾನು. ಈ ಹೆಂಗಸರ ಮುಂದೆ ನನ್ನ ತಲೆ ಬಾಗಿತು. ಅಲಿನಾ ಮುಂದೆ ಸೆನೆಟರ್ ಆದರು, ಹೆನ್ರಿಕಾ 2015ರಲ್ಲಿ ಸಂಸತ್ತಿಗೆ ಗೆದ್ದರು.

ಪ್ಲೈವುಡ್ ಹಲಗೆಯ ಮೇಲೆ ಕೈಯಲ್ಲಿ ಬರೆದ 21 ಬೇಡಿಕೆಗಳ ಮುಂದೆ ನಿಧಾನವಾಗಿ ನಿಲ್ಲಿ. 2003ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಲಗೆಗಳಿವು. ಮೊದಲನೆಯದು ಸ್ವತಂತ್ರ ಯೂನಿಯನ್. ಕೆಳಕ್ಕೆ ಬಂದರೆ ಮಕ್ಕಳಿಗೆ ಶಿಶುವಿಹಾರ, ಮೂರು ವರ್ಷದ ಹೆರಿಗೆ ರಜೆ, ಮನೆಗಾಗಿ ಕಾಯುವ ಅವಧಿ ಕಡಿಮೆಯಾಗಲಿ, ಶನಿವಾರ ರಜೆ ಕೊಡಿ. ಅಡುಗೆಮನೆಯ ಕಷ್ಟವೂ ದೇಶದ ರಾಜಕೀಯವೂ ಒಂದೇ ಹಲಗೆಯಲ್ಲಿವೆ. ಇಂಥ ಬೇಡಿಕೆ ಪಟ್ಟಿ ಬರೆಯಲು ದುಡಿದು ಗೊತ್ತಿರಬೇಕು.

ನನಗೆ ಸಾಲದೆ ಹೋದದ್ದು ಕೊನೆಯ ಭಾಗ. ಯೂನಿಯನ್ ಹತ್ತಿಕ್ಕಲು 1981ರ ಡಿಸೆಂಬರಿನಲ್ಲಿ ಹೇರಿದ ಮಾರ್ಷಲ್ ಲಾ, ಸರ್ಕಾರದ ಜೊತೆ 1989ರಲ್ಲಿ ನಡೆದ ದುಂಡುಮೇಜಿನ ಮಾತುಕತೆ, ಇವೆಲ್ಲ ವಿವರವಾಗಿವೆ. ಆದರೆ ಕಥೆಯ ಭಾರವೆಲ್ಲ 1989ರ ಚುನಾವಣೆಯಲ್ಲಿ ಸಾಲಿಡಾರಿಟಿ ಕಂಡ ಗೆಲುವಿನ ಮೇಲೆಯೇ. ವಲೆಸಾ 1990ರಲ್ಲಿ ಅಧ್ಯಕ್ಷರಾಗಿ 1995ರಲ್ಲಿ ಸೋತರು, 2000ದಲ್ಲಿ ನಿಂತಾಗ ಸಿಕ್ಕಿದ್ದು ಶೇಕಡ ಒಂದರಷ್ಟು ಮತ. ಇದೇ ಶಿಪ್‌ಯಾರ್ಡಿನವರೂ ಹೊಸ ಮಾರುಕಟ್ಟೆ ವ್ಯವಸ್ಥೆಯಲ್ಲಿ ಕೆಲಸ ಕಳೆದುಕೊಂಡರು. ಕಾರ್ಮಿಕ ಅಧಿಕಾರಕ್ಕೆ ಬಂದ ಮೇಲೆ ಏನಾಯಿತು ಎಂಬುದಕ್ಕೂ ಅಷ್ಟೇ ದೊಡ್ಡ ಹಾಲ್ ಬೇಕಿತ್ತು.

ಇಂಗ್ಲಿಷ್ ಆಡಿಯೊ ಗೈಡ್ ಇದೆ, ತಪ್ಪದೆ ತೆಗೆದುಕೊಳ್ಳಿ. ಹೊರಗೆ ಬಂದಾಗ 1970ರ ಪ್ರತಿಭಟನೆಯಲ್ಲಿ ಗುಂಡಿಗೆ ಬಲಿಯಾದ ಕಾರ್ಮಿಕರ ಸ್ಮಾರಕ ನೋಡಿ. 42 ಮೀಟರ್ ಎತ್ತರದ ಮೂರು ಶಿಲುಬೆಗಳು. ಹತ್ತಿರದಲ್ಲೇ ಇರುವ, ಶಿಪ್‌ಯಾರ್ಡಿನ ಸುರಕ್ಷತಾ ತರಬೇತಿಯ ಬಿಎಚ್‌ಪಿ ಹಾಲ್‌ನಲ್ಲಿ 1980ರ ಆಗಸ್ಟ್ 31ರಂದು ಸರ್ಕಾರ ಮತ್ತು ಮುಷ್ಕರ ಹೂಡಿದವರ ಒಪ್ಪಂದಕ್ಕೆ ಸಹಿ ಬಿತ್ತು. ಮ್ಯೂಸಿಯಂ ಮುಗಿಸಿದವರು ಸುಸ್ತಾಗಿ ಅದನ್ನು ಬಿಟ್ಟುಬಿಡಬಾರದು.